ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಮಾನ್ಯ ಸಂಪಾದಕರೇ,

ಬೀದಿಯಲ್ಲಿ ಲಗೋರಿ, ಕಬಡ್ಡಿ ಆಡುವಾಗ ಹೊಸದಾಗಿ ಸೇರಿದ ಚಿಕ್ಕವನಿಗೆ ಒಂದು ಜಾಗ ಇರುತ್ತಿತ್ತು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವನು ಔಟಾದರೂ ತಂಡಕ್ಕೆ ನಷ್ಟವಿಲ್ಲ, ಹಾಗಾಗಿ ಯಾರೂ ಬೈಯುತ್ತಿರಲಿಲ್ಲ. ನೋಡುತ್ತ, ಓಡುತ್ತ, ಕೆಲವು ತಿಂಗಳಲ್ಲಿ ಅವನೇ ಲೆಕ್ಕಕ್ಕೆ ಬರುತ್ತಿದ್ದ. ಮೊಬೈಲಿನಲ್ಲಿ ಆಡುವ ತಂಡದ ಆಟಗಳಲ್ಲಿ ಆ ಜಾಗ ಮೇಲ್ನೋಟಕ್ಕೆ ಕಾಣುವುದಿಲ್ಲ. ಸ್ಟಾರ್ಟ್ ಒತ್ತಿದ ಕ್ಷಣವೇ ಹೊಸಬ ಲೆಕ್ಕಕ್ಕೆ ಸೇರಿಬಿಡುತ್ತಾನೆ. ಅವನ ತಪ್ಪಿಗೆ ಗುರುತು ಪರಿಚಯವಿಲ್ಲದ ಮೂವರು ತಮ್ಮ ರ‍್ಯಾಂಕ್ ಪಾಯಿಂಟ್ ಕಳೆದುಕೊಳ್ಳುತ್ತಾರೆ. ಇಯರ್‌ಫೋನಿನಲ್ಲಿ ಕೇಳುವ ‘ಏ ನೂಬ್’ (ಏನೂ ಬಾರದ ಹೊಸಬ) ಎಂಬ ಮಾತು, ಅದರ ಬೆನ್ನಿಗೇ ಬರುವ ಅಮ್ಮ, ಅಕ್ಕನನ್ನು ಎಳೆದು ತರುವ ಬೈಗುಳ, ಎಲ್ಲವೂ ಹುಟ್ಟುವುದು ಇಲ್ಲಿ.

ಪತ್ರಿಕೆಗಳಲ್ಲಿ ಆನ್‌ಲೈನ್ ಆಟದ ಮಾತು ಬಂದರೆ ಅದು ಜೂಜಿನ ವಿಷಯ, ಇಲ್ಲವೇ ಗೀಳಿನ ವಿಷಯ. ಹಣ ಕಟ್ಟಿ ಆಡುವ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿತು, ಅದೇ ಕಾಯ್ದೆ ವಿಡಿಯೊ ಗೇಮ್ ಪಂದ್ಯಗಳಾದ ಇ-ಸ್ಪೋರ್ಟ್ಸ್‌ಗೆ ಕ್ರೀಡೆಯ ಮನ್ನಣೆ ಕೊಟ್ಟಿತು. ಕ್ರೀಡೆ ಎಂದ ಮೇಲೆ ಅದನ್ನು ಕಲಿಯುವ ದಾರಿಯ ಬಗ್ಗೆಯೂ ಮಾತು ಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಹೊಸಬರನ್ನು ಬೈಯುವವರ ಸಿಟ್ಟಿಗೆ ಕಾರಣ ಇದೆ, ಆದರೆ ಬೈದದ್ದರಿಂದ ಅವರ ತಂಡವೇ ಸೋಲುತ್ತದೆ. ಇದು ಉಪದೇಶವಲ್ಲ, ಆಟದ ಒಳಗಿನ ಲೆಕ್ಕ. ಅದನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹಳ್ಳಿ ಹಳ್ಳಿಗೂ ತಲುಪಿರುವ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಎಲ್ಲರ ಬಾಯಲ್ಲಿ ಬಿಜಿಎಂಐ, ಅದನ್ನೇ ತೆಗೆದುಕೊಳ್ಳಿ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದ ಮೇಲೆ 2021ರ ಜುಲೈನಲ್ಲಿ ಬಂದ ಆಟ ಇದು. 2022ರ ಜುಲೈನಲ್ಲಿ ಆ್ಯಪ್ ಸ್ಟೋರ್‌ಗಳಿಂದ ಮಾಯವಾಗಿ 2023ರ ಮೇ ತಿಂಗಳಲ್ಲಿ ಮರಳಿತು. ಎರಾಂಗೆಲ್ ಎಂಬ ದೊಡ್ಡ ಮ್ಯಾಪ್, ಅಂದರೆ ಆಟದ ಪ್ರದೇಶ, ಉದ್ದ ಅಗಲ ಎಂಟೆಂಟು ಕಿಲೋಮೀಟರ್. ಅಲ್ಲಿ 100 ಜನ ವಿಮಾನದಿಂದ ಇಳಿಯುತ್ತಾರೆ, ಕೊನೆಯವರೆಗೆ ಬದುಕಿದ ತಂಡ ಗೆಲ್ಲುತ್ತದೆ. ಸ್ಕ್ವಾಡ್ ಎಂದರೆ ನಾಲ್ವರ ತಂಡ. ಜೊತೆಗಾರರಿಲ್ಲದೆ ಹೋದವನಿಗೆ ಆಟವೇ ಮೂವರು ಅಪರಿಚಿತರನ್ನು ಕೂಡಿಸಿ ಕೊಡುತ್ತದೆ.

ಮೊದಲ ದಿನ ಹೊಸಬನಿಗೆ ಬೈಗುಳ ಬೀಳುವುದು ಕಡಿಮೆ. ಬ್ರಾಂಜ್, ಸಿಲ್ವರ್ ಎಂಬ ಕೆಳಗಿನ ಹಂತಗಳಲ್ಲಿ ಎದುರು ಬರುವವರಲ್ಲಿ ಅನೇಕರು ಬಾಟ್‌ಗಳು, ಅಂದರೆ ಕಂಪ್ಯೂಟರೇ ಆಡಿಸುವ ಗೊಂಬೆಗಳು. ಅವು ನೇರ ಓಡುತ್ತವೆ, ಬಯಲಲ್ಲಿ ನಿಂತು ಗುಂಡು ಹಾರಿಸುತ್ತವೆ, ಹಾರಿಸಿದ್ದು ಹೆಚ್ಚಾಗಿ ತಾಗುವುದಿಲ್ಲ. ಹೊಸಬ ಅಲ್ಲಿ ಎಂಟು ಹತ್ತು ಕಿಲ್ ಹೊಡೆದು ಕೈ ಕುದುರಿತು ಅಂದುಕೊಳ್ಳುತ್ತಾನೆ. ಅದರ ಮೇಲಿನ ಗೋಲ್ಡ್, ಪ್ಲಾಟಿನಂ ಮುಟ್ಟುತ್ತಲೇ ಎದುರು ಸಿಗುವವರಲ್ಲಿ ಮನುಷ್ಯರು ಹೆಚ್ಚುತ್ತಾರೆ. ಆಗ ಬಾಟ್‌ಗಳ ಜೊತೆ ಆಡಿ ಬಂದ ಅಭ್ಯಾಸವೇ ಮುಳುವಾಗುತ್ತದೆ. ಮರೆ ಇಲ್ಲದೆ ನಿಂತು ಹೊಡೆಯುವುದು, ಒಬ್ಬ ಬಿದ್ದ ಕೂಡಲೇ ಅವನ ಸಾಮಾನಿನ ಪೆಟ್ಟಿಗೆಯಾದ ಕ್ರೇಟಿನ ಮೇಲೆ ಬಗ್ಗುವುದು, ದೂರದಲ್ಲಿ ಯಾರೋ ಕಂಡರೆಂದು ಸುಮ್ಮನೆ ಗುಂಡು ಹಾರಿಸುವುದು. ಈ ಮೂರನೆಯದೇ ಜೊತೆಗಾರರಿಗೆ ತಡೆಯಲಾಗದ ಸಿಟ್ಟು ತರಿಸುವುದು. ಗುಂಡಿನ ಸದ್ದು ಸುತ್ತಲಿನವರ ಮಿನಿಮ್ಯಾಪ್ ಎಂಬ ಪುಟ್ಟ ನಕ್ಷೆಯಲ್ಲಿ ಗುರುತಾಗಿ ಮೂಡುತ್ತದೆ. ಒಬ್ಬನ ಚಪಲಕ್ಕೆ ನಾಲ್ವರ ಅಡಗುತಾಣ ಬಯಲಾಗುತ್ತದೆ. ‘ಹೊಡೀಬೇಡ’ ಎಂದು ಕಿರುಚುವವನು ಹೊಟ್ಟೆಕಿಚ್ಚಿನಿಂದ ಕಿರುಚುತ್ತಿಲ್ಲ ಎಂಬುದು ಹೊಸಬನಿಗೆ ಗೊತ್ತಿರಬೇಕು.

ಇಳಿಯುವಾಗಲೂ ಹಾಗೆಯೇ. ಮೂವರು ಎರಾಂಗೆಲ್‌ನ ಊರಾದ ರೋಝೋಕ್‌ಗೆ ಮಾರ್ಕ್ (ಜೊತೆಗಾರರಿಗೆ ಕಾಣುವ ಗುರುತು) ಹಾಕಿರುತ್ತಾರೆ, ಹೊಸಬ ಒಬ್ಬನೇ ಇನ್ನೊಂದು ಊರಾದ ಪೊಚಿಂಕಿಯಲ್ಲಿ ಇಳಿದು ಅರ್ಧ ನಿಮಿಷದಲ್ಲಿ ಮುಗಿದಿರುತ್ತಾನೆ. ಇದಕ್ಕೆ ಮದ್ದು ಒಂದೇ ಬಟನ್. ವಿಮಾನದಲ್ಲಿರುವಾಗ ಜೊತೆಗಾರನ ಹೆಸರಿನ ಬಳಿ ಫಾಲೋ ಎಂಬ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಅವನು ಹಾರಿದಾಗ ನೀವೂ ಹಾರುತ್ತೀರಿ, ಅವನ ಪಕ್ಕದಲ್ಲೇ ಇಳಿಯುತ್ತೀರಿ. ನೆಲ ಹತ್ತಿರ ಬಂದಾಗ ಫಾಲೋ ಬಿಡಿಸಿಕೊಂಡು ಪಕ್ಕದ ಮನೆಗೆ ತಿರುಗಿಕೊಳ್ಳಿ. ನಾಲ್ವರೂ ಒಂದೇ ಮನೆಗೆ ನುಗ್ಗಿದರೆ ಇಬ್ಬರಿಗೆ ಗನ್ನೇ ಇರುವುದಿಲ್ಲ.

ಮನೆ ಹೊಕ್ಕ ಮೇಲೆ ಲೂಟ್, ಅಂದರೆ ಗನ್ನು, ಗುಂಡು, ಔಷಧಿ ಬಾಚುವುದು. ಆಟೋ ಪಿಕಪ್ ಚಾಲೂ ಇದ್ದರೆ ಕಾಲಿಗೆ ಸಿಕ್ಕದ್ದೆಲ್ಲ ಬ್ಯಾಗಿಗೆ ಬರುತ್ತದೆ. ಹೊಸಬನ ಬ್ಯಾಗಿನಲ್ಲಿ 5.56 ಗುಂಡು ನಾನೂರು, ಅದೇ ಗುಂಡು ಬೇಕಾದ ಪಕ್ಕದವನ ಎಂ416 ಗನ್ ಖಾಲಿ. ಸೆಟ್ಟಿಂಗ್ಸ್‌ನ ಪಿಕಪ್ ಭಾಗದಲ್ಲಿ ಯಾವ ವಸ್ತು ಎಷ್ಟು ಸಾಕು ಎಂದು ಮಿತಿ ಹಾಕಬಹುದು. ಒಂದು ಗನ್ನಿಗೆ 180ರಿಂದ 200 ಗುಂಡು, ಹೊಗೆ ಬಿಡುವ ಸ್ಮೋಕ್ ಬಾಂಬ್ ಎರಡು ಮೂರು, ಫಸ್ಟ್ ಏಡ್ ಮೂರು ನಾಲ್ಕು, ಎನರ್ಜಿ ಡ್ರಿಂಕ್ ನಾಲ್ಕೈದು ಎಂದು ಬರೆದಿಟ್ಟರೆ ತಕರಾರೇ ಇಲ್ಲ. ಎಕೆಎಂ ಗನ್ ಹಿಡಿದವನಿಗೆ ಬೇಕಾದದ್ದು 7.62 ಗುಂಡು. ಅದು ನಿಮ್ಮ ಗನ್ನಿಗೆ ಹೊಂದದಿದ್ದರೆ ನೆಲದಲ್ಲೇ ಬಿಟ್ಟು ಮಾರ್ಕ್ ಹಾಕಿ. ಆ ಒಂದು ಮಾರ್ಕ್ ಸಾಕು, ‘ಇವನು ಪರವಾಗಿಲ್ಲ’ ಎಂಬ ಅಭಿಪ್ರಾಯ ಬರುತ್ತದೆ. ಗಾಡಿಯ ವಿಷಯವೂ ಹೀಗೆ. ಯುಎಝೆಡ್, ಡಾಸಿಯಾ ಗಾಡಿಗಳಲ್ಲಿ ನಾಲ್ವರು ಕೂರಬಹುದು, ಬಗ್ಗಿಯಲ್ಲಿ ಇಬ್ಬರಷ್ಟೇ. ಝೋನ್, ಅಂದರೆ ಸುರಕ್ಷಿತ ವಲಯ, ಕುಗ್ಗುತ್ತಿರುವಾಗ ನಾಲ್ಕು ಸೀಟಿನ ಗಾಡಿಯಲ್ಲಿ ಒಬ್ಬನೇ ಹೊರಟುಬಿಟ್ಟರೆ ಹಿಂದೆ ಉಳಿದ ಮೂವರು ನೀಲಿ ಗೆರೆಯ ಹೊರಗೆ ಸಾಯುತ್ತಾರೆ. ಅದಕ್ಕೆ ಬೈಸಿಕೊಂಡರೆ ನ್ಯಾಯವೇ.

ಇನ್ನು ರಿವೈವ್, ಅಂದರೆ ಬಿದ್ದವನನ್ನು ಎಬ್ಬಿಸುವುದು. ಹೊಸಬರು ಹೆಚ್ಚು ಬೈಸಿಕೊಳ್ಳುವುದು ಇಲ್ಲಿ, ಅದೂ ಒಳ್ಳೆಯ ಮನಸ್ಸಿನಿಂದ ಮಾಡಿದ ತಪ್ಪಿಗೆ. ಜೊತೆಗಾರ ಏಟು ತಿಂದು ಬಿದ್ದು ತೆವಳುವಂತಾದ, ಅಂದರೆ ನಾಕ್ ಆದ ಕೂಡಲೇ ಹೊಸಬ ಓಡಿ ಹೋಗಿ ರಿವೈವ್ ಒತ್ತುತ್ತಾನೆ. ಅವನನ್ನು ಕೆಡವಿದ ಶತ್ರು ಅದೇ ಜಾಗಕ್ಕೆ ಗುರಿ ಇಟ್ಟು ಕಾಯುತ್ತಿರುತ್ತಾನೆ. ಒಬ್ಬ ಬಿದ್ದಲ್ಲಿ ಇಬ್ಬರು. ಲೆಕ್ಕ ನೋಡಿ: ರಿವೈವ್‌ಗೆ 10 ಸೆಕೆಂಡ್. ಎದ್ದವನ ಜೀವ ಅತಿ ಕಡಿಮೆ, ಒಂದೇ ಗುಂಡಿಗೆ ಮತ್ತೆ ಬೀಳುತ್ತಾನೆ. ಅವನು ಫಸ್ಟ್ ಏಡ್ ಹಾಕಿಕೊಂಡು ಜೀವವನ್ನು ನೂರರಲ್ಲಿ 75ಕ್ಕೆ ತರಲು ಇನ್ನು 6 ಸೆಕೆಂಡ್. ಬ್ಯಾಂಡೇಜ್ ಮಾತ್ರ ಇದ್ದರೆ ಒಂದಕ್ಕೆ 4 ಸೆಕೆಂಡ್, ಏರುವುದು ಹತ್ತೇ. ಅಂದರೆ ಕನಿಷ್ಠ 16 ಸೆಕೆಂಡ್ ಯಾರ ಕಣ್ಣಿಗೂ ಬೀಳದ ಮರೆ ಬೇಕು. ಅದಕ್ಕೇ ಕ್ರಮ ಹೀಗಿರಬೇಕು. ಬಿದ್ದವನು ನಿಮ್ಮ ಕಡೆಗಲ್ಲ, ಹತ್ತಿರದ ಗೋಡೆ ಅಥವಾ ಬಂಡೆಯ ಕಡೆ ತೆವಳಲಿ. ನೀವು ಸ್ಮೋಕ್ ಎಸೆಯಿರಿ, ಬಿದ್ದವನ ಮೇಲಲ್ಲ, ಅವನಿಗೂ ಶತ್ರುವಿಗೂ ನಡುವೆ. ಹೊಗೆ ದಟ್ಟವಾಗಲು ಕೆಲವು ಸೆಕೆಂಡ್ ಬೇಕು, ಎಸೆದ ತಕ್ಷಣ ಓಡಿದರೆ ಎಸೆದೂ ವ್ಯರ್ಥ. ಇನ್ನೊಂದು ಸ್ಮೋಕ್ ಇದ್ದರೆ ಪಕ್ಕಕ್ಕೆ ಹಾಕಿ, ಒಂದೇ ಹೊಗೆಯ ಮಧ್ಯಕ್ಕೆ ಕಣ್ಣು ಮುಚ್ಚಿ ಗುಂಡು ಸುರಿಯುವವರು ಇರುತ್ತಾರೆ. ಆಮೇಲೆ ಹೋಗಿ. ನಿಂತಿರುವವರು ನೀವೊಬ್ಬರೇ ಆಗಿದ್ದರೆ ಹೋಗುವ ಮುನ್ನ ಎರಡು ಸಲ ಯೋಚಿಸಿ, ಏಕೆಂದರೆ ಕೊನೆಯವನು ಬಿದ್ದ ಕ್ಷಣ ತೆವಳುತ್ತಿರುವ ಮೂವರೂ ಒಟ್ಟಿಗೆ ಮುಗಿಯುತ್ತಾರೆ.

ನಾಕ್ ಆದವನೂ ಒಂದು ತಪ್ಪು ಮಾಡುತ್ತಾನೆ. ನಾಚಿಕೆಗೋ ಸಿಟ್ಟಿಗೋ ಆಟ ಬಿಟ್ಟು ಲಾಬಿಗೆ, ಅಂದರೆ ಆಟ ಶುರುವಾಗುವ ಮೊದಲಿನ ಪುಟಕ್ಕೆ, ಹೋಗಿಬಿಡುತ್ತಾನೆ. ಉಳಿದವರು ಸ್ಮೋಕ್ ಹಾಕಿ ಬರುವಷ್ಟರಲ್ಲಿ ಆಳೇ ಇಲ್ಲ. ನಡುವೆ ಬಿಟ್ಟು ಹೋದವರ ನಡತೆಯ ಮೆರಿಟ್ ಅಂಕವೂ ಇಳಿಯುತ್ತದೆ. ಪೂರ್ತಿ ಮುಗಿಯುವವರೆಗೆ ಇರಿ. ರಿಕಾಲ್ ಇರುವ ಮ್ಯಾಪ್‌ಗಳಲ್ಲಿ ಸತ್ತ ಮೇಲೂ ಮರಳುವ ಅವಕಾಶ ಇರುತ್ತದೆ.

ಮಾತಿನ ವಿಷಯಕ್ಕೆ ಬರೋಣ. ‘ಅಲ್ಲಿದಾನೆ, ಅಲ್ಲಿದಾನೆ, ಎಡಕ್ಕೆ ನೋಡೋ’ ಎನ್ನುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನಾಲ್ವರು ನಾಲ್ಕು ಕಡೆ ಮುಖ ಮಾಡಿರುತ್ತಾರೆ, ನಿಮ್ಮ ಎಡ ಅವರ ಬಲ. ಪರದೆಯ ಮೇಲ್ತುದಿಯಲ್ಲಿ ಡಿಗ್ರಿಯ ಪಟ್ಟಿ ಇದೆ. ಶತ್ರು ಕಂಡಾಗ ಆ ಕಡೆ ತಿರುಗಿ ನಡುವಿನ ಸಂಖ್ಯೆ ಓದಿ: ‘ಇನ್ನೂರ ಹತ್ತು, ಮರದ ಹಿಂದೆ, ಇಬ್ಬರು.’ ದಿಕ್ಕು, ಜಾಗ, ಎಷ್ಟು ಜನ, ಇಷ್ಟೇ ಸಾಕು. ಜೊತೆಗಾರರು ನಿಮ್ಮಿಂದ ದೂರ ಇದ್ದರೆ ಡಿಗ್ರಿ ಅವರಿಗೆ ಹೊಂದುವುದಿಲ್ಲ, ಆಗ ಮಾರ್ಕ್ ಒತ್ತಿ. ಇದಕ್ಕೆ ಭಾಷೆಯೇ ಬೇಡ ಎನ್ನುವುದು ದೊಡ್ಡ ಅನುಕೂಲ. ಹಾವೇರಿಯ, ಚಾಮರಾಜನಗರದ ಹುಡುಗನ ಸ್ಕ್ವಾಡಿಗೆ ಸೇರುವ ಮೂವರೂ ಹಿಂದಿಯಲ್ಲಿ ಮಾತಾಡುವವರಾಗಿರುವುದು ದಿನನಿತ್ಯದ ಸಂಗತಿ. ಅವರು ಹೇಳಿದ್ದು ತಿಳಿಯದೆ ಇವನು ಸುಮ್ಮನೆ ನಿಂತರೆ, ಬೇಕೆಂದೇ ಮಾತು ಕೇಳುತ್ತಿಲ್ಲ ಎಂದು ಅವರು ಅಂದುಕೊಳ್ಳುತ್ತಾರೆ. ಐದಾರು ಪದ ಗೊತ್ತಿದ್ದರೆ ಸಾಕು: ಪೀಛೇ ಎಂದರೆ ಹಿಂದೆ, ಊಪರ್ ಎಂದರೆ ಮೇಲಿನ ಮಹಡಿ, ನೀಚೇ ಕೆಳಗೆ, ರುಕೋ ಎಂದರೆ ನಿಲ್ಲು. ‘ನಯಾ ಹೂಂ, ಮಾರ್ಕ್ ಕರೋ’ ಎಂದು ಮೊದಲಿಗೇ ಹೇಳಿಬಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಸ್ಕ್ವಾಡಿನಲ್ಲಿ ಕನ್ನಡದವರೇ ಸಿಕ್ಕರೆ ‘ಹೊಸಬ ಗುರು, ಹೇಳ್ಕೊಡಿ’ ಎನ್ನಲು ಸಂಕೋಚ ಏಕೆ? ಗೊತ್ತಿಲ್ಲದ್ದನ್ನು ಮುಚ್ಚಿಟ್ಟು ಆಡುವವನ ಮೇಲೆ ಬರುವಷ್ಟು ಸಿಟ್ಟು ಕೇಳಿ ತಿಳಿದುಕೊಳ್ಳುವವನ ಮೇಲೆ ಬರುವುದಿಲ್ಲ.

ಹಳಬರಿಗೆ ಹೇಳಬೇಕಾದದ್ದೂ ಇಲ್ಲೇ ಇದೆ. ಮೂವರು ಸತ್ತು ಹೊಸಬನೊಬ್ಬ ಉಳಿದಿದ್ದಾನೆ ಎಂದುಕೊಳ್ಳಿ. ಸತ್ತ ಮೂವರೂ ಅವನ ಪರದೆಯನ್ನೇ ನೋಡುತ್ತ ಏಕಕಾಲಕ್ಕೆ ಕೂಗುತ್ತಾರೆ: ಹೋಗು, ಬೇಡ, ಬಾಂಬ್ ಹಾಕು, ಲೋ ಕುರುಡಾ. ಶತ್ರು ಯಾವ ಕಡೆಯಿಂದ ಬರುತ್ತಿದ್ದಾನೆ, ಮೆಟ್ಟಿಲು ಹತ್ತುತ್ತಿದ್ದಾನೋ ಹೊರಗೆ ನಿಂತಿದ್ದಾನೋ ಎಂದು ಅವನಿಗೆ ತಿಳಿಸುವುದು ಹೆಜ್ಜೆ ಸಪ್ಪಳ. ಮೂರು ಗಂಟಲಿನ ಗದ್ದಲದಲ್ಲಿ ಆ ಸಪ್ಪಳ ಮುಳುಗಿಹೋಗುತ್ತದೆ. ಬಾಗಿಲ ಬಳಿ ಕೇಳಿದ ಎರಡು ಹೆಜ್ಜೆಯಿಂದ ಗೆಲ್ಲಬಹುದಾಗಿದ್ದ ಮ್ಯಾಚನ್ನು ಹೀಗೆ ಸತ್ತವರೇ ಸೋಲಿಸುತ್ತಾರೆ. ಕಿವಿಯಲ್ಲಿ ಮೂರು ಜನ ಕೂಗುತ್ತಿದ್ದರೆ ಹತ್ತು ವರ್ಷ ಆಡಿದವನ ಕೈಯೂ ನಡುಗುತ್ತದೆ. ಸತ್ತ ಮೇಲೆ ಹೇಳಬಹುದಾದದ್ದು ಒಂದೇ ವಾಕ್ಯ: ನಿಮ್ಮನ್ನು ಕೊಂದವನು ಎಲ್ಲಿದ್ದಾನೆ, ಅವನಿಗೆ ಎಷ್ಟು ಏಟು ಬಿದ್ದಿದೆ. ಆಮೇಲೆ ಮೈಕ್ ಮುಚ್ಚಿ.

ಹಳಬರು ಸುಮ್ಮನಾಗದಿದ್ದರೆ ಹೊಸಬ ತಾನೇ ಮ್ಯೂಟ್ ಮಾಡಿಕೊಳ್ಳಬಹುದು. ಸ್ಪೀಕರ್ ಚಿತ್ರ ಒತ್ತಿದರೆ ಎಲ್ಲರದೂ, ತಂಡದ್ದು ಮಾತ್ರ, ಪೂರ್ತಿ ಬಂದ್, ಹೀಗೆ ಆಯ್ಕೆಗಳಿವೆ. ಒಬ್ಬನನ್ನಷ್ಟೇ ಮ್ಯೂಟ್ ಮಾಡುವುದೂ ಸಾಧ್ಯ. ಸಾಧ್ಯವಾದಷ್ಟು ಹಾಗೇ ಮಾಡಿ, ಏಕೆಂದರೆ ಉಳಿದಿಬ್ಬರು ಕೊಡುವ ಮಾಹಿತಿ ಬೇಕಾಗುತ್ತದೆ. ಹೆಣ್ಣುಮಕ್ಕಳ ಪಾಡು ಬೇರೆ. ಹೊಸಬಳಾದ ಹುಡುಗಿ ಮೈಕ್ ತೆರೆದು ಒಂದು ಮಾತಾಡಿದರೆ ಆಟ ಬದಿಗೆ ಸರಿದು ಊರು, ವಯಸ್ಸು, ಇನ್‌ಸ್ಟಾ ಐಡಿ ವಿಚಾರಣೆ ಶುರುವಾಗುತ್ತದೆ. ಉತ್ತರಿಸದಿದ್ದರೆ ಬೈಗುಳ. ಎಷ್ಟೋ ಹುಡುಗಿಯರು ಇದೇ ಕಾರಣಕ್ಕೆ ಮೈಕ್ ಮುಟ್ಟುವುದೇ ಇಲ್ಲ. ಆಮೇಲೆ ‘ಕಾಲ್ ಕೊಡಲ್ಲ’ (ಶತ್ರು ಎಲ್ಲಿದ್ದಾನೆಂದು ಹೇಳಲ್ಲ) ಎಂದು ಅದಕ್ಕೂ ಅವರನ್ನೇ ದೂರುತ್ತಾರೆ. ಮಾರ್ಕ್ ಮತ್ತು ಸಿದ್ಧ ಸಂದೇಶಗಳ ಕ್ವಿಕ್ ಚಾಟ್‌ನಿಂದಲೇ ಪೂರ್ತಿ ಆಟ ಆಡಬಹುದು, ಮ್ಯಾಚ್ ಮುಗಿದ ಮೇಲೆ ಫಲಿತಾಂಶದ ಪುಟದಲ್ಲಿ ರಿಪೋರ್ಟ್ ಕೊಡಬಹುದು. ಆದರೆ ಆ ಹೊತ್ತಿನಲ್ಲಿ ‘ಬಿಡೋ ಗುರು, ಆಟ ಆಡು’ ಎಂದು ಸ್ಕ್ವಾಡಿನ ಇನ್ನೊಬ್ಬ ಹೇಳುವ ಒಂದು ಮಾತು ರಿಪೋರ್ಟ್‌ಗಿಂತ ಬೇಗ ಕೆಲಸ ಮಾಡುತ್ತದೆ. ಅದನ್ನು ಹೇಳುವವರು ಬೇಕು.

ಕಂಪ್ಯೂಟರಿನಲ್ಲಿ ಆಡುವ ವ್ಯಾಲೊರಂಟ್‌ನಲ್ಲಿ ಹೊಸಬನ ತಪ್ಪಿನ ಲೆಕ್ಕ ಇನ್ನೂ ಸ್ಪಷ್ಟ. ಅಲ್ಲಿ ಐವರ ತಂಡ, 13 ಸುತ್ತು ಮೊದಲು ಗೆಲ್ಲಬೇಕು, ಪ್ರತಿ ಸುತ್ತಿಗೂ ಕ್ರೆಡಿಟ್ ಎಂಬ ಆಟದ ಹಣ ಕೊಟ್ಟು ಗನ್ ಕೊಳ್ಳಬೇಕು. ಮೊದಲ ಸುತ್ತಿಗೆ ತಲಾ 800. ಎಲ್ಲರೂ ಅದನ್ನು ಖರ್ಚು ಮಾಡಿ, ಒಂದೂ ಕಿಲ್ ಇಲ್ಲದೆ ಸೋತರು ಎನ್ನಿ, ಕೈಗೆ 1900 ಬರುತ್ತದೆ. ನಾಲ್ವರು ಎರಡನೇ ಸುತ್ತಿನಲ್ಲಿ ಏನೂ ಕೊಳ್ಳದೆ ಉಳಿಸುತ್ತಾರೆ. ಹೊಸಬ 1600 ಕೊಟ್ಟು ಸ್ಪೆಕ್ಟರ್ ಗನ್ ಕೊಂಡು ಒಬ್ಬನೇ ನುಗ್ಗಿ ಸಾಯುತ್ತಾನೆ. ಸತತ ಎರಡನೇ ಸೋಲಿಗೆ ಸಿಗುವುದು 2400. ಈಗ ನಾಲ್ವರ ಬಳಿ 4300, ಹೊಸಬನ ಬಳಿ 2700. ವ್ಯಾಂಡಲ್ ಗನ್ನಿಗೆ 2900, ದೊಡ್ಡ ಶೀಲ್ಡಿಗೆ 1000. ನಾಲ್ವರು ಎರಡನ್ನೂ ಕೊಳ್ಳುತ್ತಾರೆ, ಇವನಿಗೆ ವ್ಯಾಂಡಲ್ ಒಂದೂ ದಕ್ಕುವುದಿಲ್ಲ. ಇಡೀ ತಂಡ ಲೆಕ್ಕ ಹಾಕಿ ಕಾದಿದ್ದ ಮೂರನೇ ಸುತ್ತಿಗೆ ಒಬ್ಬ ಅಗ್ಗದ ಗನ್ ಹಿಡಿದು ಬರುತ್ತಾನೆ. ‘ಸೇವ್ ಮಾಡೋ’ ಎಂಬ ಕಿರುಚಾಟದ ಹಿಂದೆ ಇರುವುದು ಈ ಕೂಡುವ ಕಳೆಯುವ ಲೆಕ್ಕ, ಅದನ್ನು ಕೊಳ್ಳುವ ಹೊತ್ತಿನ 30 ಸೆಕೆಂಡಿನಲ್ಲಿ ತಾಳ್ಮೆಯಿಂದಲೇ ಹೇಳಿ ಮುಗಿಸಬಹುದು. ಹೊಸಬ ಇಷ್ಟು ನೆನಪಿಟ್ಟರೆ ಸಾಕು: ಉಳಿದ ನಾಲ್ವರು ಏನು ಕೊಳ್ಳುತ್ತಿದ್ದಾರೆಂದು ಪಟ್ಟಿಯಲ್ಲಿ ನೋಡು, ಆಮೇಲೆ ಕೊಳ್ಳು.

ವ್ಯಾಲೊರಂಟ್‌ನಲ್ಲಿ ಒಂದು ಒಳ್ಳೆಯ ಕಟ್ಟುಪಾಡು ಇದೆ. ಖಾತೆ 20ನೇ ಲೆವೆಲ್ ಮುಟ್ಟುವವರೆಗೆ ರ‍್ಯಾಂಕಿನ ಪಂದ್ಯ ತೆರೆಯುವುದಿಲ್ಲ. ಅಷ್ಟು ದಿನ ಹೊಸಬ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಬಿಜಿಎಂಐಯಲ್ಲಿ ಇಂಥ ಬೇಲಿ ಇಲ್ಲವಾದ್ದರಿಂದ ಹೊಸಬರೇ ಹಾಕಿಕೊಳ್ಳಬೇಕು, ಜಾಗಗಳಂತೂ ಇವೆ. ಟ್ರೈನಿಂಗ್ ಮೈದಾನದಲ್ಲಿ ಎಲ್ಲ ಗನ್ನೂ ಸಿಗುತ್ತದೆ. ಅಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ, ಒಂದು ವಾರ, ಒಂದೇ ಗನ್ ಹಿಡಿಯಿರಿ. ಎಂ416ಕ್ಕೆ ರೆಡ್ ಡಾಟ್ ಎಂಬ ಗುರಿಕಣ್ಣು ಹಾಕಿ ಗೋಡೆಗೆ ಪೂರ್ತಿ ಮ್ಯಾಗಜೀನ್ ಖಾಲಿ ಮಾಡಿ ನೋಡಿ, ಗುಂಡಿನ ಗುರುತು ಮೇಲಕ್ಕೆ ಏರುತ್ತಾ ಹೋಗುತ್ತದೆ. ಹೆಬ್ಬೆರಳನ್ನು ಎಷ್ಟು ಕೆಳಗೆಳೆದರೆ ಗುರುತುಗಳು ಒಂದು ಅಂಗೈಯಗಲದಲ್ಲಿ ನಿಲ್ಲುತ್ತವೆ ಎಂಬುದನ್ನು ಕೈ ಕಲಿಯಬೇಕು. ಕಲಿಯುತ್ತಿರುವಾಗ ಸೆನ್ಸಿಟಿವಿಟಿಯನ್ನು (ಬೆರಳೆಳೆದರೆ ನೋಟ ಎಷ್ಟು ಬೇಗ ತಿರುಗಬೇಕು ಎಂಬ ಸೆಟ್ಟಿಂಗ್) ದಿನಕ್ಕೊಮ್ಮೆ ಬದಲಿಸಬೇಡಿ. ಯೂಟ್ಯೂಬಿನಲ್ಲಿ ಯಾರೋ ಕೊಟ್ಟ ಕೋಡ್ ಅವರ ಫೋನಿಗೆ, ಅವರ ಬೆರಳಿಗೆ ಹೊಂದಿದ್ದು. ಆಮೇಲೆ ಟಿಡಿಎಂ, ಅಂದರೆ ಟೀಮ್ ಡೆತ್‌ಮ್ಯಾಚ್. ನಾಲ್ವರ ಎದುರು ನಾಲ್ವರು, ಮೊದಲು 40 ಕಿಲ್ ಹೊಡೆದವರು ಗೆಲ್ಲುತ್ತಾರೆ, ಹೆಚ್ಚೆಂದರೆ 10 ನಿಮಿಷ. ಸತ್ತರೆ ಮತ್ತೆ ಹುಟ್ಟುತ್ತೀರಿ, ಹಾಗಾಗಿ ನಿಮ್ಮ ಸಾವಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎದುರಾಬದುರು ಗುಂಡಿನ ಚಕಮಕಿಯ ಭಯ ಹೋಗುವುದು ಅಲ್ಲೇ. ಮೂರನೆಯದು ಅನ್‌ರ‍್ಯಾಂಕ್ಡ್ ಕ್ಲಾಸಿಕ್. ಇಳಿಯುವುದು, ಲೂಟ್, ಝೋನ್, ರಿವೈವ್ ಎಲ್ಲ ಇದೆ, ಪಾಯಿಂಟ್ ಮಾತ್ರ ಇಲ್ಲ. ಹಳಬರಿಗೆ ನನ್ನ ಮನವಿ ಏನೆಂದರೆ ಗೆಳೆಯನಿಗೆ, ತಮ್ಮನಿಗೆ ಆಟ ಕಲಿಸುವುದಿದ್ದರೆ ನಿಮ್ಮ ಮೇಲಿನ ಹಂತದ ಕ್ರೌನ್, ಏಸ್ ರ‍್ಯಾಂಕಿನ ಮ್ಯಾಚಿಗೆ ಎಳೆದೊಯ್ಯಬೇಡಿ. ಅಲ್ಲಿ ಅವನು ಕಲಿಯುವುದು ಸಾಯುವುದನ್ನು ಮಾತ್ರ. ಅನ್‌ರ‍್ಯಾಂಕ್ಡ್‌ಗೆ ಬನ್ನಿ, ‘ಆ ಎರಡು ಮನೆ ನೀನು ನೋಡ್ಕೋ’ ಎಂದು ಬಿಡಿ, ಮ್ಯಾಚ್ ಮುಗಿದ ಮೇಲೆ ಒಂದೇ ಒಂದು ತಪ್ಪು ತೋರಿಸಿ. ಆರು ತಪ್ಪು ಒಟ್ಟಿಗೆ ಹೇಳಿದರೆ ಒಂದೂ ನೆನಪಿರುವುದಿಲ್ಲ. ಕಾಲೇಜು ಹಬ್ಬಗಳಲ್ಲಿ ಪಂದ್ಯ ನಡೆಸುವವರು ಕೂಡ ಮುಖ್ಯ ಪಂದ್ಯದ ಹಿಂದಿನ ದಿನ ಹೊಸಬರದೇ ಒಂದು ಲೆಕ್ಕಕ್ಕಿಲ್ಲದ ಸುತ್ತು ಇಡಬಹುದು. ಖರ್ಚೇನೂ ಹೆಚ್ಚಿಲ್ಲ.

ಫೋನಿನ ತಯಾರಿಯೂ ಜೊತೆಗಾರರಿಗೆ ತೋರುವ ಮರ್ಯಾದೆಯೇ. ಮ್ಯಾಪ್‌ಗಳನ್ನು ವೈಫೈಯಲ್ಲಿ ಮೊದಲೇ ಇಳಿಸಿಕೊಳ್ಳಿ. ಪರದೆಯಲ್ಲಿ ಕಾಣುವ ಪಿಂಗ್, ಅಂದರೆ ನೆಟ್‌ವರ್ಕಿನ ತಡ, 100 ದಾಟಿ ಕುಣಿಯುತ್ತಿದ್ದರೆ ಸ್ಕ್ವಾಡ್ ಬೇಡ, ಟ್ರೈನಿಂಗ್‌ಗೆ ಹೋಗಿ. ಗ್ರಾಫಿಕ್ಸನ್ನು ಸ್ಮೂತ್‌ನಲ್ಲಿಟ್ಟು ಫ್ರೇಮ್ ರೇಟನ್ನು ಫೋನ್ ಕೊಡುವಷ್ಟು ಏರಿಸಿ. ಡೋಂಟ್ ಡಿಸ್ಟರ್ಬ್ ಹಾಕಿ, ಗುಂಡೇಟಿನ ನಡುವೆ ಬರುವ ಒಂದು ಫೋನ್ ಕರೆಗೆ ನಾಲ್ವರೂ ಬಲಿಯಾಗುತ್ತಾರೆ.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. 2023ರಲ್ಲಿ ಬಿಜಿಎಂಐ ಮರಳಿದಾಗ 18ರೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಲಾಗಿತ್ತು. ನೀವು ಅದಕ್ಕಿಂತ ಕಡಿಮೆ ಇಟ್ಟರೂ ಸರಿಯೇ. ಆದರೆ ಎರಾಂಗೆಲ್‌ನ ಒಂದು ಮ್ಯಾಚ್ ಕೊನೆಯವರೆಗೆ ಹೋದರೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಚಿಕ್ಕ ಮ್ಯಾಪ್ ಆದ ಲಿವಿಕ್‌ನಲ್ಲಿ 52 ಜನ, ಕಾಲು ಗಂಟೆಯಲ್ಲಿ ಮುಗಿಯುತ್ತದೆ. ನಡುವೆ ಫೋನ್ ಕಿತ್ತುಕೊಂಡರೆ ಮಗು ಮೂವರು ಅಪರಿಚಿತರ ಎದುರು ನಿಂತಲ್ಲೇ ನಿಂತ ಬೊಂಬೆಯಾಗುತ್ತದೆ, ಬೈಸಿಕೊಳ್ಳುತ್ತದೆ. ಎಂಟೂವರೆಗೆ ಊಟವಿದ್ದರೆ ಎಂಟು ಗಂಟೆಗೆ, ಅವನಿನ್ನೂ ಲಾಬಿಯಲ್ಲಿರುವಾಗಲೇ ಹೋಗಿ ಹೇಳಿ: ‘ದೊಡ್ಡ ಮ್ಯಾಪ್ ಬೇಡ ಕಣೋ, ಬೇಕಾದ್ರೆ ಒಂದು ಲಿವಿಕ್ ಆಡಿ ಬಾ.’

ಇಂತಿ,
ತಮ್ಮ ಓದುಗ,
ದಾವಣಗೆರೆ